ಮಿಂಗ್ ದೊರೆಯ ಮೇಲೆ ಸಿಟ್ಟಾಗುತ್ತಿದ್ದ ಮಾಸ್ತರು

ಸತ್ತು ಮುನ್ನೂರು ವರ್ಷ ದಾಟಿದ ಚೀನಾದ ದೊರೆಯೊಬ್ಬನ ಮೇಲೆ ಸಿಟ್ಟು ಬಂದು ಪಾಠ ಅರ್ಧಕ್ಕೇ ಬಿಟ್ಟು ಹೊರಗೆ ಹೋಗುವವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ಎಪ್ಪತ್ತರ ದಶಕದಲ್ಲಿ ದೇವದುರ್ಗದ ಹೈಸ್ಕೂಲಿನಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದ ವೀರಭದ್ರಪ್ಪ ಮಾಸ್ತರು. ಮಿಂಗ್ ವಂಶದ ಪತನ ಪುಸ್ತಕದಲ್ಲಿ ಅರ್ಧ ಪುಟವಿತ್ತು. ಮಾಸ್ತರು ಅದಕ್ಕೆ ವಾರ ಹಿಡಿಯುತ್ತಿದ್ದರು.

"ಮಳಿ ಹೋತು, ಬೆಳಿ ಹೋತು, ರೈತರು ದಂಗಿ ಎದ್ರು. ದಂಡಿನವರಿಗೆ ಪಗಾರ ಇಲ್ಲ. ಎಲ್ಲಾ ಖರೆ. ಆದ್ರ ಉತ್ತರದಿಂದ ಏರಿ ಬಂದ ಮಂಚೂಗಳನ್ನ ಗಡಿಯಾಗ ತಡದು ನಿಲ್ಸಿದ ಸರದಾರ ಇದ್ನಲ್ಲ, ಅವನ ಮ್ಯಾಲೇ ಯಾರೋ ಚಾಡಿ ಹೇಳಿದ್ರು. ದೊರಿ ನಂಬಿದ, ಕೊಲ್ಲಿಸಿದ. ಆಮ್ಯಾಲ ಯಾರು ಬಾಯಿ ಬಿಡ್ತಾರಲೇ? ದಂಗಿಯವರು ರಾಜಧಾನಿಗೆ ಬಂದಾಗ ಗಂಟಿ ಬಾರಿಸಿ ಮಂತ್ರಿಗಳನ್ನ ಕರದ. ಒಬ್ಬರೂ ಬರಲಿಲ್ಲ."

ಇಷ್ಟು ಹೇಳಿ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತುಬಿಡುತ್ತಿದ್ದರು.

ತಮಾಷೆಯೆಂದರೆ, ನಮ್ಮ ಮಾಸ್ತರದೂ ಅಪ್ಪಟ ಹಿತ್ತಾಳೆ ಕಿವಿ. ಯಾರೋ ಏನೋ ಅಂದರೆಂದು ಹೆಡ್‌ಮಾಸ್ತರರ ಜತೆ ಮಾತು ಬಿಟ್ಟಿದ್ದರು, ಹಾಲಿನವಳನ್ನು ಬಿಡಿಸಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮವನು ಎಂದು ಉಳಿದವನು ಮಾನ್ವಿ ಕಡೆಯ ಮಲ್ಲಟದಲ್ಲಿದ್ದ ಒಡಹುಟ್ಟಿದ ತಮ್ಮ ಅಮರೇಶನೊಬ್ಬನೇ.

ಅವನ ಮಗಳ ಮದುವೆ ಗೊತ್ತಾಯಿತು. ಅಂಥ ಮದುವೆಗೆ ಹಿರಿಯಣ್ಣನನ್ನು ತಮ್ಮನೇ ಮನೆಗೆ ಬಂದು, ಅಕ್ಷತೆ ಕೊಟ್ಟು ಕರೆಯುವುದು ವಾಡಿಕೆ. ಅಮರೇಶ ಕಾಲು ಮುರಿದುಕೊಂಡು ಮಲಗಿದ್ದ, ಹಾಗಾಗಿ ಮಗನನ್ನು ಕಳಿಸಿದ. ಮರುದಿನ ಚಹಾದಂಗಡಿಯಲ್ಲಿ ಯಾವನೋ, "ನಿಮ್ಮ ತಮ್ಮನ ಕಾಲಿಗೇನಾಗ್ಯದ್ರಿ ಮಾಸ್ತರ? ನಿನ್ನಿ ಮಾನ್ವಿ ಸಂತ್ಯಾಗ ಅಡ್ಡಾಡಾಕತ್ತಿದ್ದ" ಎಂದ. ಅಲ್ಲಿಗೆ ಮುಗಿಯಿತು.

ಮದುವೆಯ ದಿನ ನಾನು ಅವರ ಮನೆಯ ಮುಂದೆ ಹಾದೆ. ಮಾಸ್ತರು ಹೊಸ ಧೋತರ ಉಟ್ಟು, ರುಮಾಲು ಸುತ್ತಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಿದ್ದರು.

"ಮದಿವಿಗೆ ಹೋಗಂಗಿಲ್ಲೇನ್ರಿ ಸರ್?"

"ಅವನೇ ಬಂದು ಕರೀಲಿ."

ಸಂಜೆಯವರೆಗೂ ಹಾಗೇ ಕೂತಿದ್ದರು. ಕಾಲು ಮುರಿದದ್ದು ನಿಜವೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ತಮ್ಮನೂ ನೊಂದು ಮಾತು ಬಿಟ್ಟಿದ್ದ. ಇವರಿಗೆ ಹೋಗಿ ಮುಖ ತೋರಿಸಲು ನಾಚಿಕೆ.

ನಿವೃತ್ತರಾದ ಮೇಲೆ ರಾಯಚೂರಿನ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬರೇ ಇದ್ದರು. ಹೋದಾಗಲೆಲ್ಲ ನನ್ನನ್ನು ಬೇಗ ಬಿಡುತ್ತಿರಲಿಲ್ಲ, ಅದೂ ಇದೂ ಕೇಳಿ ಕೂರಿಸಿಕೊಳ್ಳುತ್ತಿದ್ದರು.

ಕೊನೆಯ ಸಲ ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ. ಮಾನ್ವಿ ಬಸ್ಸಿನ ಕಿಟಕಿ ಪಕ್ಕ ಕೂತಿದ್ದರು, ತೊಡೆಯ ಮೇಲೆ ಹೂವಿನ ಹಾರ. ನನಗೆ ಖುಷಿಯೋ ಖುಷಿ.

"ಮಲ್ಲಟಕ್ಕೇನ್ರಿ ಸರ್? ತಮ್ಮ ಕರದ್ರೇನ್ರಿ?"

"ಅಮರೇಶ ಹೋದ್ನಪಾ," ಎಂದರು. "ಮಣ್ಣಿಗೆ ಯಾರೂ ಕರೀಬೇಕಂತಿಲ್ಲಲ್ಲ. ಅದಕ್ಕ ಹೊಂಟೀನಿ."