ನದಿಯಾಚೆಯ ಮನೆಗೊಂದು ದಾರಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನಿವೃತ್ತ ಪೋಸ್ಟ್‌ಮಾಸ್ಟರರ ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಯಡಿ ನುಸುಳಿ, ಊರವರು ‘ರೌಟರ್ ಅಕ್ಕ’ ಎಂದು ಕರೆಯುವ ಹೆಂಗಸು ಆಂಟೆನಾ ಕಂಬದ ಬೋಲ್ಟು ಬಿಗಿಮಾಡುತ್ತಿದ್ದಾರೆ. ಮೆಟ್ಟಿಲ ಬಳಿ ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. “ಇವ್ರ ರೇಡಿಯೋ ಬಾಯಿ ಬಿಟ್ರೆ ಮೊಮ್ಮಗಳ ಆನ್‌ಲೈನ್ ಪಾಠ ಬಾಯಿ ಮುಚ್ಚುತ್ತೆ. ಇವತ್ತು ಒಂದು ಗತಿ ಕಾಣಿಸಮ್ಮ.”

ಊರಿನ ಹವ್ಯಾಸಿ ರೇಡಿಯೋ ಬಳಗ ತಾರಸಿಯಿಂದ ತಾರಸಿಗೆ ತನ್ನದೇ ಜಾಲ ಕಟ್ಟಿಕೊಂಡಿದೆ. ತೊಡಕೆಂದರೆ, ಮನೆಯ ಒಂದೇ ರೌಟರಿಗೆ ಎರಡು ದಾರಿ. ಬಳಗದ ಸಂದೇಶ ತಾರಸಿಗೆ ಹತ್ತಬೇಕು, ಮಿಕ್ಕಿದ್ದು ಇಂಟರ್ನೆಟ್ಟಿಗೆ ಹೋಗಬೇಕು. ಯಾವುದು ಎತ್ತ ಎಂದು ರೌಟರಿಗೆ ಹೇಳಿಕೊಡುವುದು ಅಕ್ಕನ ಕೆಲಸ. “ಹೇಳ್ದಿದ್ರೆ ಎಲ್ಲಾನೂ ಒಂದೇ ಬಾಗಿಲಿಗೆ ತಳ್ಳುತ್ತೆ, ಪಾಪ. ಅದಕ್ಕೇನ್ ಗೊತ್ತು?”

ಹಗಲೆಲ್ಲ ಕೇಬಲ್ ಲೈನ್ ರಿಪೇರಿ; ಅದಕ್ಕೂ ಮುಂಚೆ ಈ ಪುಕ್ಕಟೆ ಸೇವೆ. ಒಂಬತ್ತು ವರ್ಷ, ಇಪ್ಪತ್ತೇಳು ಮನೆ. ಏಣಿಯಿಂದ ಬಿದ್ದ ಮೇಲೆ ಎಡ ಮಣಿಕಟ್ಟು ಪೂರ್ತಿ ಮಡಚುವುದಿಲ್ಲ.

ಈ ರೇಡಿಯೋ ಹುಚ್ಚು ಹಿಡಿಸಿದ್ದು ಅಕ್ಕನ ಅಪ್ಪ. ಇಬ್ಬರು ಹೆಣ್ಣುಮಕ್ಕಳಿಂದಲೂ ಹವ್ಯಾಸಿ ರೇಡಿಯೋ ಪರವಾನಗಿ ಪರೀಕ್ಷೆ ಬರೆಸಿದ್ದರು. ಅವರು ತೀರಿಕೊಂಡ ವಾರವೇ, ತಂಗಿಯನ್ನು ಒಂದು ಮಾತೂ ಕೇಳದೆ, ಅಪ್ಪನ ರೇಡಿಯೋ ಸೆಟ್ಟನ್ನು ಅಕ್ಕ ತಮ್ಮ ಮನೆಗೆ ತಂದರು. ನದಿಯಾಚೆಯ ತಂಗಿ ಮಾತು ಬಿಟ್ಟರು. ತಾರಸಿಯ ಯಂತ್ರವನ್ನೂ ಆಫ್ ಮಾಡಿದರು; ಜಾಲದಲ್ಲಿ ಅವರ ಮನೆ ಆರಿಹೋಯಿತು. “ತಪ್ಪು ನಂದೇ. ಸೆಟ್ಟು ಹೊತ್ಕೊಂಡು ವಾಪಸ್ ಕೊಡೋಕೆ ಹೋದೆ. ಬಾಗಿಲು ತೆಗೀಲಿಲ್ಲ.”

ನಾಲ್ಕು ವರ್ಷ ಹಾಗೇ ಕಳೆಯಿತು. ಹೋದ ವರ್ಷ ನೆರೆ ಬಂದು ಫೋನು, ಇಂಟರ್ನೆಟ್ಟು ಎರಡೂ ಕೈಕೊಟ್ಟವು. ಆಸ್ಪತ್ರೆಯವರು ದೋಣಿ ಬೇಕೆಂದು ಕೇಳಿದ್ದೂ ಈ ತಾರಸಿಗಳ ಮೂಲಕವೇ. ಮೂರನೆಯ ದಿನ ಅಕ್ಕನ ಲ್ಯಾಪ್‌ಟಾಪ್ ಪರದೆಯ ಮೇಲೆ, ಜಾಲದ ಮನೆಗಳ ಪಟ್ಟಿಯಲ್ಲಿ, ತಂಗಿಯ ಮನೆ ಕಾಣಿಸಿಕೊಂಡಿತು; ಹಿಂದೆಯೇ ಒಂದು ಸಂದೇಶ.

“ಅಕ್ಕ, ನೀರು ಒಳಗೆ ಬಂತಾ?”

“ಇಲ್ಲ ಕಣೆ. ನಿನ್ಕಡೆ?”

“ಇಲ್ಲ.”

ಅಷ್ಟೇ. ಮತ್ತೆ ಆರಿಹೋಯಿತು. ಇನ್ನೂ ಏನಾದರೂ ಕೇಳಬೇಕಿತ್ತು ಎಂದು ಅಕ್ಕನಿಗೆ ಇಂದಿಗೂ ಅನ್ನಿಸುತ್ತದೆ. ಏನು ಎಂದು ಮಾತ್ರ ಹೊಳೆಯುವುದಿಲ್ಲ.

ತಂಗಿಯ ಮನೆಗೆಂದು ರೌಟರುಗಳಲ್ಲಿ ಬರೆದಿಟ್ಟ ಸತ್ತ ದಾರಿಯನ್ನು ತೆಗೆದುಹಾಕಿ ಎಂದು ಬಳಗದವರು ಹೇಳುತ್ತಲೇ ಇರುತ್ತಾರೆ. ಕೆಲಸ ಮುಗಿಸಿ ಕೆಳಗಿಳಿದಾಗ ಪೋಸ್ಟ್‌ಮಾಸ್ಟರರೂ ಅದನ್ನೇ ಎತ್ತುತ್ತಾರೆ. “ವಿಳಾಸದಾರರು ಇಲ್ಲ ಅಂದ್ಮೇಲೆ ಯಾಕಮ್ಮ ಇಟ್ಕೊಂಡಿದ್ದೀಯ?”

ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕುತ್ತಾರೆ. “ಅವ್ಳು ಬರ್ತಾಳೆ ಅಂತಲ್ಲ ಸಾರ್. ಬಂದ ದಿನ, ‘ಅಲ್ಲಿಗೆ ದಾರಿ ಇಲ್ಲ’ ಅಂತ ಅವ್ಳ ಪರದೆ ಮೇಲೆ ಬರಬಾರ್ದು.”