ಹೊಳೆದಂಡೆಗೆ ಒಬ್ಬಳು ಅಂಜುಬುರುಕಿ

ನೀರು ಬಂತು ಅಂದರೆ ಕೊಡ ಹಿಡಿದು ಓಡುವ ಊರಿನಲ್ಲಿ ನಾನು ಹುಟ್ಟಿದೆ. ಮದುವೆಯಾಗಿ ಬಂದದ್ದು ನೀರು ಬಂತು ಅಂದರೆ ಗಂಟುಮೂಟೆ ಕಟ್ಟಿಕೊಂಡು ಓಡುವ ಊರಿಗೆ. ನನ್ನ ತವರು ಅಥಣಿ ತಾಲೂಕಿನ ಪೂರ್ವದ ಒಣಭೂಮಿ. ಅಲ್ಲಿ ಟ್ಯಾಂಕರ್ ಬಂದ ದಿನವೇ ಹಬ್ಬ. ಗಂಡನ ಮನೆ ರಾಯಬಾಗ ತಾಲೂಕಿನಲ್ಲಿ, ದಿಗ್ಗೇವಾಡಿಯ ಹತ್ತಿರ, ಕೃಷ್ಣಾ ಹೊಳೆಯ ದಂಡೆಗೆ. ಹೆಣ್ಣು ನೋಡಲು ಬಂದವರನ್ನು ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ, ನೀರಿನ ಅನುಕೂಲ ಹೇಗೆ ಅಂತ. ಮಾವನವರು ನಗು ತಡೆದುಕೊಂಡು, ಅದಕ್ಕೇನೂ ಕೊರತೆಯಿಲ್ಲ ಅಂದರಂತೆ.

ಮಳೆಗಾಲದಲ್ಲಿ ಹೊಸ ನೀರು ಬಂದು ಹೊಳೆ ಕೆಂಪಗೆ ತುಂಬಿದಾಗ ಇಲ್ಲಿಯ ಹೆಂಗಸರು ಅದಕ್ಕೆ ಉಡಿ ತುಂಬುತ್ತಾರೆ, ಬಸುರಿ ಮಗಳಿಗೆ ತುಂಬಿದ ಹಾಗೆ. ಮೊರದಲ್ಲಿ ಕುಪ್ಪಸದ ಖಣ, ಹಸಿರು ಬಳೆ, ಅಕ್ಕಿ, ತೆಂಗಿನಕಾಯಿ ಇಟ್ಟು ನೀರಿಗೆ ಬಿಡಬೇಕು. ಹೊಸ ಸೊಸೆ ಅಂತ ನಾನು ಬಂದ ವರ್ಷ ಅತ್ತೆ ಮೊರವನ್ನು ನನ್ನ ಕೈಗಿತ್ತರು. ಹೊಳೆ ಪಾದಕ್ಕೆ ತಾಗಿದ್ದೇ ತಡ, ಮೊರ ಅಲ್ಲಿಯೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದೆ. ಮೇಲೆ ಬಂದು ನೋಡಿದರೆ ಹೊಳೆಗೆ ಕೊಡಬೇಕಾದ ತೆಂಗಿನಕಾಯಿ ನನ್ನ ಕೈಯಲ್ಲೇ ಇತ್ತು. ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಯಿತು, ದೇವರ ಕಾಯಿ ಕಸಿದುಕೊಂಡು ಓಡಿಬಂದ ಸೊಸೆ ಅಂತ. ಅಂಜುಬುರುಕಿ ಅನ್ನುವ ಹೆಸರು ಅವತ್ತು ಅಂಟಿದ್ದು, ಇನ್ನೂ ಬಿಟ್ಟಿಲ್ಲ.

ಆದರೆ ಅಂಜಿಕೆ ಸುಮ್ಮನೆ ಕೂತು ಉಣ್ಣುವ ನೆಂಟ ಅಲ್ಲ. ನನ್ನನ್ನೂ ಸುಮ್ಮನೆ ಕೂರಲು ಬಿಡಲಿಲ್ಲ. ಬೆಳಗ್ಗೆ ಎದ್ದ ತಕ್ಷಣ ಹೊಳೆಗೆ ಹೋಗಿ ಎಷ್ಟು ಮೆಟ್ಟಿಲು ಮುಳುಗಿವೆ ನೋಡುವುದನ್ನು ಕಲಿಸಿತು. ನಮಗೆ ಬರುವ ನೀರು ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದ ಮಳೆಯದು, ಅದರ ಸುದ್ದಿಯೂ ಮೊದಲು ಬರುವುದು ಮರಾಠಿಯಲ್ಲೇ. ಹಾಗಾಗಿ ಮರಾಠಿ ಕಲಿತೆ. ಗಡಿಯ ನಿಪ್ಪಾಣಿಯಲ್ಲಿ ಹುಟ್ಟಿದವರು ತೊಟ್ಟಿಲಲ್ಲಿ ಕಲಿತದ್ದನ್ನು ನಾನು ಫೋನಿನಲ್ಲಿ ಅಣೆಕಟ್ಟಿನ ಸುದ್ದಿ ಕೇಳುತ್ತಾ ಕಲಿತೆ. ಇಂದಿಗೂ ನನ್ನ ಮರಾಠಿಯಲ್ಲಿ ಕುಶಲ ವಿಚಾರಿಸಲು ಬೇಕಾದ ಮಾತು ಕಡಿಮೆ, ಪ್ರವಾಹಕ್ಕೆ ಬೇಕಾದದ್ದು ಹೆಚ್ಚು. ಇನ್ನು ನಾದಿನಿಯನ್ನು ಕೊಟ್ಟದ್ದು ಕಾಗವಾಡದ ಕಡೆಯ ಹೊಳೆದಂಡೆಗೆ, ನಮಗಿಂತ ಮೇಲಕ್ಕೆ. ಹೊಳೆ ಮೊದಲು ಅವಳ ಊರು ಹಾಯ್ದು ಆಮೇಲೆ ನಮ್ಮಲ್ಲಿಗೆ ಬರುತ್ತದೆ. ಮೊದಮೊದಲು ನನ್ನ ಜೊತೆ ಬಿಂಕದಿಂದ ಮಾತಾಡುತ್ತಿದ್ದ ನಾದಿನಿ, ಮಳೆಗಾಲದಲ್ಲಿ ದಿನಾ ಫೋನು ಮಾಡಿ ಮಾಡಿ ಒಡಹುಟ್ಟಿದವಳಂತೆ ಆದಳು. ಅಂಜಿಕೆ ಇಲ್ಲದಿದ್ದರೆ ನಾವಿಬ್ಬರೂ ಇನ್ನೂ ಸೀರೆಯ ಬಣ್ಣಕ್ಕೆ ಜಗಳ ಆಡುತ್ತಿದ್ದೆವು.

ದಂಡೆಯ ಗಂಡಸರ ಪಾಠ ಬೇರೆ. ಕಬ್ಬಿಗೆ ನೀರೆತ್ತುವ ಮೋಟರುಗಳೆಲ್ಲ ಹೊಳೆಯ ಅಂಚಿನಲ್ಲಿ ಸಾಲಾಗಿ ಕೂತಿರುತ್ತವೆ. ನೀರು ಏರಿದರೆ ಬಿಚ್ಚಿ, ಬೊಂಬಿಗೆ ಕಟ್ಟಿ, ಹೆಗಲ ಮೇಲೆ ಹೊತ್ತು ಮೇಲೆ ತರಬೇಕು. ಕೆಲಸ ಇಷ್ಟೇ. ಆದರೆ ಮೊದಲು ಬಿಚ್ಚುವವನು ಯಾರು? ಮೊದಲು ಬಿಚ್ಚಿದವನು ಹೇಡಿ. ಹಿಂದೆ ಹಾಗೆ ಮಾಡಿದ ಒಬ್ಬನನ್ನು ಅವನ ಮಕ್ಕಳ ಮದುವೆಯಲ್ಲೂ ಕಿಚಾಯಿಸಿದರಂತೆ. ಹಾಗಾಗಿ ಎಲ್ಲರೂ ದಂಡೆಯ ಮೇಲೆ ಕೂತು, ತಂಬಾಕು ತಿಕ್ಕುತ್ತಾ, ಇನ್ನೊಬ್ಬನ ಮೋಟರಿನ ಮೇಲೆ ಕಣ್ಣಿಟ್ಟಿರುತ್ತಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇವರು ಆ ಬಾಗಿಲನ್ನೂ ಯಾರು ಮೊದಲು ಮುಟ್ಟುತ್ತಾರೆ ನೋಡೋಣ ಅಂತ ಕೂರುವವರು. ನಮ್ಮ ಮಾವನವರು ಇವರೆಲ್ಲರಿಗೂ ಹಿರಿಯರು. ಹೊಳೆ ನಮ್ಮ ತಾಯಿ, ತಾಯಿಗೆ ಯಾರಾದರೂ ಅಂಜುತ್ತಾರೇನು ಅನ್ನುವುದು ಅವರ ಖಾಯಂ ಮಾತು.

ನಾನು ಬಂದ ಮರುವರ್ಷ ನೀರು ಏರತೊಡಗಿದಾಗ ಗಂಡನ ಬೆನ್ನು ಹತ್ತಿದೆ. ಮೋಟರು ತೆಗೆಯಿರಿ ಅಂತ ಅತ್ತು ಕರೆದೆ, ಉಣ್ಣದೆ ಕೂತೆ, ತವರಿಗೆ ಹೋಗುತ್ತೇನೆ ಅಂದೆ. ಮಾವನವರು ಬೇಡ ಅನ್ನಬಹುದು ಅಂದುಕೊಂಡಿದ್ದೆ. ಅವರು ನಿಟ್ಟುಸಿರು ಬಿಟ್ಟು, ಏನು ಮಾಡುವುದು, ಸೊಸೆ ಕೇಳುವುದಿಲ್ಲ ಅಂತ ತಲೆಗೆ ಪಟ್ಟಕ ಸುತ್ತಿಕೊಂಡು ತಾವೇ ಮುಂದೆ ಹೋದರು. ದಂಡೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾಚಿಕೆಯಿಂದ ನನ್ನ ಗಂಡ ಒಂದು ವಾರ ಹೋಟೆಲ್ಲಿಗೆ ಚಹಾ ಕುಡಿಯಲು ಹೋಗಲಿಲ್ಲ. ಆಮೇಲೊಂದು ವರ್ಷ ನೀರು ನಿಜಕ್ಕೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂತು. ಸಾಲಿನ ಮೋಟರುಗಳೆಲ್ಲ ಮುಳುಗಿದವು, ನಮ್ಮದು ದನದ ಗೋದಲಿಯ ಪಕ್ಕ ಒಣಗಿಕೊಂಡು ಕೂತಿತ್ತು. ಅವತ್ತು ಯಾರೂ ನಗಲಿಲ್ಲ. ಹೊಗಳಲೂ ಇಲ್ಲ ಅನ್ನಿ, ಇಲ್ಲಿ ಸೊಸೆಯರನ್ನು ಹೊಗಳುವ ಪದ್ಧತಿ ಇಲ್ಲ.

ಅಲ್ಲಿಂದ ನನ್ನ ಅಂಜಿಕೆ ಸಾರ್ವಜನಿಕ ಸೊತ್ತಾಯಿತು. ನೀರು ಏರಿದರೆ ಜನ ಹೊಳೆಯನ್ನು ನೋಡುವುದು ಬಿಟ್ಟು ನಮ್ಮ ಮೋಟರನ್ನು ನೋಡತೊಡಗಿದರು. ಅದು ಮೇಲೆ ಬಂದರೆ ಎಲ್ಲರದೂ ಮೇಲೆ. ಯಾಕೆ ತೆಗೆದಿರಿ ಅಂತ ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು, ಅವರ ಸೊಸೆ ಅಂಜಿದ್ದಾಳೆ. ಇಷ್ಟು ಧೈರ್ಯವಂತರ ದಂಡೆಗೆ ಒಬ್ಬಳೇ ಅಂಜುಬುರುಕಿ ಸಾಕಾದಳು.

ಹೀಗಿರುವಾಗ ಚಿಕ್ಕೋಡಿಯಲ್ಲಿ ಮಹಿಳಾ ಸಂಘದವರು ಒಂದು ಶಿಬಿರ ಮಾಡಿದರು. ಕೋಟು ತೊಟ್ಟ ಭಾಷಣಕಾರರೊಬ್ಬರು ಭಯವೇ ನಿಮ್ಮ ಶತ್ರು ಅಂದರು, ಅದನ್ನು ಸುಟ್ಟು ಬಿಡಿ ಅಂದರು. ನಿಮ್ಮ ಭಯವನ್ನು ಚೀಟಿಯಲ್ಲಿ ಬರೆದು ತಾಟಿನ ಬೆಂಕಿಗೆ ಹಾಕಬೇಕು. ಪಕ್ಕದವಳು ‘ಅತ್ತೆ’ ಅಂತ ಬರೆದು ಗಡಬಡಿಸಿ ಮಡಚಿದಳು. ನಾನು ‘ಹೊಳೆ’ ಅಂತ ಬರೆದೆ. ಥಂಡಿ ಹವೆಗೆ ಚೀಟಿ ಹೊತ್ತಲಿಲ್ಲ, ಹೊಗೆಯಾಡಿತು. ಪರವಾಗಿಲ್ಲ, ಸುಟ್ಟ ಹಾಗೆ ಭಾವಿಸಿ ಅಂದರು. ಭಾವಿಸಿದೆ. ಬಸ್ಸಿನಲ್ಲಿ ಮನೆಗೆ ಬರುವಾಗ ನಾನೇ ಬೇರೆ ಹೆಂಗಸು. ಇಷ್ಟು ವರ್ಷ ಊರ ಬಾಯಿಗೆ ಎಲೆಯಡಿಕೆಯಾದದ್ದು ಸಾಕು ಅನ್ನಿಸಿತ್ತು.

ಆ ಮಳೆಗಾಲ ನೀರು ಏರತೊಡಗಿದಾಗ ನಾನು ಹೊಳೆಗೆ ಹೋಗಲಿಲ್ಲ. ನಾದಿನಿಯ ಫೋನು ಬಂತು, ತಮ್ಮಲ್ಲಿ ಗುಡಿಯ ಕಟ್ಟೆ ಮುಳುಗಿದೆ ಅಂದಳು. ಅಂಜಬೇಡ ಅಂತ ಅವಳಿಗೇ ಉಪದೇಶ ಮಾಡಿದೆ. ಶಿಬಿರದಲ್ಲಿ ಕಲಿಸಿದ ಹಾಗೆ ಉಸಿರು ಎಳೆದು ಬಿಟ್ಟು, ರೊಟ್ಟಿ ಬಡಿಯುತ್ತಾ ಕೂತೆ. ನಮ್ಮ ಮೋಟರು ಕದಲಲಿಲ್ಲ. ಅದನ್ನು ನೋಡಿ ಯಾರ ಮೋಟರೂ ಕದಲಲಿಲ್ಲ. ಇಡೀ ದಂಡೆಯ ಕಬ್ಬಿನ ನೀರು ನನ್ನ ಉಸಿರಾಟದ ಮೇಲೆ ನಿಂತಿದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಎಂದೂ ಅಲ್ಲಿಯವರೆಗೆ ಬಂದವರಲ್ಲ. ಮೊಣಕಾಲಿನ ತನಕ ಕೆಸರು, ಧೋತರದ ಅಂಚು ಒದ್ದೆ.

“ಯವ್ವಾ, ಯಾಕ ಈ ಸಲ ಅಂಜವಲ್ಲಿ?”

ಅಂಜುವುದನ್ನು ಬಿಟ್ಟಿದ್ದೇನೆ ಅಂತ ಹೆಮ್ಮೆಯಿಂದ ಹೇಳಿದೆ. ಚೀಟಿ ಸುಟ್ಟದ್ದನ್ನೂ ಹೇಳಿದೆ. ಅವರು ನಗಲಿಲ್ಲ. ಹೊಸ್ತಿಲ ಮೇಲೆ ಕೂತರು.

“ನೀ ಬರೂಕಿಂತ ಮೊದಲಿಂದ ನಾ ಅಂಜೇನವಾ. ನಸುಕಿನ್ಯಾಗ ಎದ್ದು ಮೆಟ್ಟಲಾ ನೋಡಿ ಬರ್ತೇನಿ. ಗಂಡಸಾಗಿ ಬಾಯಿಬಿಟ್ಟು ಹೇಳಾಕ ಆಗಲಿಲ್ಲ. ನೀ ಬಂದ ಮ್ಯಾಲ ನಿನ್ನ ಹೆಸರ ಹೇಳಿ ಮೋಟರ ತಗದ್ನಿ. ಈಗ ನೀನ ಧೈರ್ಯ ಮಾಡಿ ಕುಂತ್ರ, ನಾ ಯಾರ ಹೆಸರ ಹೇಳಲಿ?”

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಇಷ್ಟು ದಿನ ತಾಯಿಗೆ ಯಾರಾದರೂ ಅಂಜುತ್ತಾರೇನು ಅನ್ನುತ್ತಿದ್ದ ಮನುಷ್ಯ ನನಗಿಂತ ಮುಂಚೆ ಎದ್ದು ಅದೇ ಮೆಟ್ಟಿಲುಗಳನ್ನು ನೋಡಿ ಬರುತ್ತಿದ್ದ. ಸಿಟ್ಟು ಬಂತು, ಕನಿಕರವೂ ಬಂತು. ಅವರ ಕೆಸರಿನ ಕಾಲು ನೋಡಿದಾಗ ಅಳುವೇ ಬಂತು. ಸೆರಗಿನಿಂದ ಕೈ ಒರೆಸಿಕೊಂಡು ಅಂಗಳಕ್ಕೆ ಬಂದು, ಓಣಿಗೆಲ್ಲ ಕೇಳುವ ಹಾಗೆ ನನ್ನ ಗಂಡನನ್ನು ಕರೆದು, ನನಗೆ ಅಂಜಿಕೆ ಆಗುತ್ತಿದೆ, ಮೋಟರು ತೆಗೆಯಿರಿ ಅಂದೆ. ಗೋಡೆಯಾಚೆ ಯಾರೋ ‘ಹುಶ್’ ಅಂತ ಉಸಿರು ಬಿಟ್ಟದ್ದು ಕೇಳಿಸಿತು. ಬೊಂಬು ಹಗ್ಗ ಹಿಡಿದು ಜನ ಎದ್ದ ವೇಗ ನೋಡಿದರೆ, ಅವರೆಲ್ಲ ಬೆಳಗಿನಿಂದ ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದಿರಬೇಕು.

ಕೊನೆಯ ಮೋಟರು ಮೇಲೆ ಬರುವಾಗ ನೀರು ಅದರ ಕಟ್ಟೆಯನ್ನು ನೆಕ್ಕುತ್ತಿತ್ತು. ಹೊತ್ತವರು ದಾರಿಯುದ್ದಕ್ಕೂ ನನ್ನನ್ನು ಬೈದರು, ಈ ಬಾಯಿಬಡಕಿಯ ಸಲುವಾಗಿ ಹೆಗಲು ಮುರಿಯಿತು ಅಂತ. ಆ ಬೈಗುಳ ನನಗೆ ಹಿತವಾಗಿತ್ತು.

ಈಗಲೂ ಉಡಿ ತುಂಬುವಾಗ ಅಂಜುತ್ತೇನೆ, ಆದರೆ ಕಾಯಿ ಹೊಳೆಗೇ ಹೋಗುತ್ತದೆ. ಹೋದ ಮಳೆಗಾಲ ಜ್ವರ ಬಂದು ಮಲಗಿದ್ದೆ. ಫೋನು ಕೂಡ ಮುಟ್ಟಿರಲಿಲ್ಲ. ಕಿಟಕಿಯ ಹೊರಗೆ ಮಾವನವರು ದಂಡೆಯ ಜನಕ್ಕೆ ಗಟ್ಟಿಯಾಗಿ ಹೇಳುವುದು ಕೇಳಿಸಿತು:

“ಏಳ್ರಿ, ಮೋಟರ ತಗೀರಿ. ಸೊಸಿ ಅಂಜ್ಯಾಳ.”

ಹೊಳೆಗೆ ನೀರು ಬಂದದ್ದು ನನಗಿನ್ನೂ ಗೊತ್ತೇ ಇರಲಿಲ್ಲ.