ಅಕ್ಕೋರು ಇಟ್ಟ ಪ್ರಶ್ನೆ

ಉಮ್ರಾ ಯಾತ್ರೆಗೆ ಹೋಗುವ ಆಸೆಯಿಂದ ಪಾಸ್‌ಪೋರ್ಟಿಗೆ ಕಾಗದ ಹುಡುಕುತ್ತಿದ್ದೆ. ಟ್ರಂಕಿನ ತಳದಿಂದ ನುಸಿಗುಳಿಗೆಯ ವಾಸನೆ ಹೊತ್ತು ಶಾಲೆ ಬಿಡುವಾಗ ಕೊಟ್ಟ ಸರ್ಟಿಫಿಕೇಟು, ಎಲ್.ಸಿ. ಬಂತು. ಹುಟ್ಟಿದ ತಾರೀಕು ಜೂನ್ ಒಂದು. ಅದರ ಪಕ್ಕದಲ್ಲಿ ಪೆನ್ಸಿಲ್ಲಿನ ಸಣ್ಣ ಪ್ರಶ್ನಾರ್ಥಕ ಚಿಹ್ನೆ. ಅಕ್ಕೋರ ಕೈಬರಹ...

ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುವುದು. ಯಲ್ಲಾಪುರದ ನಮ್ಮ ಶಾಲೆಯಲ್ಲಿ ಅವರು ದಿನಾ ಬೆಳಿಗ್ಗೆ ಹಲಗೆಯ ಮೂಲೆಯಲ್ಲಿ 'ಇದೇ ದಿನ' ಎಂದು ಬರೆದು, ಹಿಂದೆ ಅದೇ ತಾರೀಕಿಗೆ ನಡೆದದ್ದನ್ನು ಕೆಳಗೆ ಬರೆಯುತ್ತಿದ್ದರು. ಯಾವುದೋ ದೇಶಕ್ಕೆ ಸ್ವಾತಂತ್ರ್ಯ ಬಂತು, ಮನುಷ್ಯ ಚಂದ್ರನ ಮೇಲೆ ಇಳಿದ, ಹೀಗೆ. ನಮಗೆ ಅರ್ಥವಾದದ್ದು ಅಷ್ಟಕ್ಕಷ್ಟೆ.

ಒಂದು ವರ್ಷ ಜೂನ್ ಒಂದರಂದು ಹಲಗೆ ತುಂಬ ನಮ್ಮದೇ ಹೆಸರು. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದ ಮಕ್ಕಳಿಗೆಲ್ಲ ಅಕ್ಕೋರೇ ಹಾಕಿಕೊಟ್ಟ ದಿನ ಅದು. ಅರ್ಧ ಕ್ಲಾಸು ಒಂದೇ ದಿನ ಹುಟ್ಟಿತ್ತು. ತಮಾಷೆಗೆ ಬರೆದಿದ್ದರು, ನಾವೂ ಚಪ್ಪಾಳೆ ತಟ್ಟಿದೆವು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. ನಾನು ಹುಟ್ಟಿದ್ದು ರಂಜಾನ್ ಚಂದ್ರ ಕಂಡ ಸಂಜೆ ಎಂದು ಅಮ್ಮಿ ಹೇಳುತ್ತಾಳೆ ಅಂದೆ.

ಅಕ್ಕೋರ ಮುಖ ಸಪ್ಪಗಾಯಿತು. "ತಪ್ಪು ಬರ್ದದ್ದು ನಾನು. ಹುಡುಕಿ ಹೇಳ್ತೆ, ತಡಿ," ಎಂದರು.

ಆ ಚಂದ್ರನೋ, ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಜಾರುವವನು. ಅಕ್ಕೋರು ಮನೆಗೇ ಬಂದು ಯಾವ ವರ್ಷ ಎಂದು ಕೇಳಿದರು. ಅಪ್ಪ ಲಾರಿ ಕೊಂಡ ವರ್ಷ ಎಂದಳು ಅಮ್ಮಿ. ಇನ್ನೊಮ್ಮೆ ಕೇಳಿದರೆ, ಅಲ್ಲ, ಅದರ ಹಿಂದಿನದು ಎಂದಳು. ವರ್ಷ ಎರಡು, ತಾರೀಕೂ ಎರಡು. ನನಗಂತೂ ತಲೆ ಗಿರ್ರೆಂದಿತು. ಏಳನೇ ಕ್ಲಾಸು ಮುಗಿದಾಗ ಎಲ್.ಸಿ. ಬರೆದುಕೊಟ್ಟವರೂ ಅವರೇ. ರಿಜಿಸ್ಟರಿನಲ್ಲಿದ್ದದ್ದನ್ನೇ ಬರೆಯಬೇಕಿತ್ತು, ಬರೆದರು. ಆ ಚಿಹ್ನೆಯನ್ನು ಆಗಲೇ ಇಟ್ಟಿರಬೇಕು. ಆಮೇಲೆ ಅವರಿಗೆ ಸಿದ್ದಾಪುರಕ್ಕೆ ವರ್ಗವಾಯಿತು...

ಅರ್ಜಿ ತುಂಬಿಕೊಡುವವರು ಆ ಗುರುತು ಅಳಿಸಿ ತನ್ನಿ ಎಂದಿದ್ದಾರೆ. ಅಳಿಸುವ ಮೊದಲು ಅಕ್ಕೋರನ್ನು ಒಂದು ಮಾತು ಕೇಳೋಣ ಎಂದು ಹಳೆಯ ಗೆಳತಿಯಿಂದ ನಂಬರು ಪಡೆದು ಫೋನು ಮಾಡಿದೆ. ಎತ್ತಿದ್ದು ಅವರ ಸೊಸೆ. ಅಕ್ಕೋರು ತೀರಿಕೊಂಡು ಎರಡು ವರ್ಷವಾಯಿತಂತೆ. ಯಾವ ದಿನ ಎಂದು ಕೇಳಿಬಿಟ್ಟೆ.

"ಆಷಾಢ ಬಹುಳ ಪಂಚಮಿ. ತಾರೀಕು ನೆನಪಿಲ್ಲೆ," ಎಂದರು ಸೊಸೆ.

ಊರಿಗೆಲ್ಲ ತಾರೀಕು ಬರೆದವರಿಗೇ ತಾರೀಕಿಲ್ಲ. ಅಳು ಬಂತು. ರಬ್ಬರು ಮೇಜಿನ ಮೇಲೇ ಇದೆ. ನನ್ನ ದಿನವನ್ನು ಹುಡುಕುವವರು ಇನ್ನಿಲ್ಲ, ಅವರದನ್ನಾದರೂ ನಾನು ಹುಡುಕಬೇಡವೇ? ಪಕ್ಕದ ಮನೆಯಿಂದ ಆ ವರ್ಷದ ಪಂಚಾಂಗ ತಂದಿದ್ದೇನೆ. ಬೆಳಗಿನಿಂದ ತಿರುವಿ ಹಾಕುತ್ತಿದ್ದೇನೆ... ನನಗೆ ಅದನ್ನು ನೋಡಲು ಬರುವುದಿಲ್ಲ.